ಮೊಬೈಲ್‌ನಲ್ಲೇ ಆಕಾಶಗಂಗೆ ಹಿಡಿದೆ: ನನ್ನ ಅನುಭವ

ಫೋನಿನಲ್ಲಿ ಆಕಾಶಗಂಗೆ ಬರೋದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಡಿಎಸ್ಎಲ್ಆರ್ (ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ) ಇಟ್ಟುಕೊಂಡ ಗೆಳೆಯರೆಲ್ಲರದ್ದೂ ಒಂದೇ ಮಾತು. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಚಿಕ್ಕದು, ಲೆನ್ಸ್ ಚಿಕ್ಕದು, ಸುಮ್ನೆ ದುಡ್ಡು ಹಾಳು. 2025ರ ಯುಗಾದಿಯ ಬೆಳಗಿನ ಜಾವ ತೆಗೆದ ಫೋಟೋ ನೋಡಿದ ಮೇಲೆ ಅವರಲ್ಲೇ ಇಬ್ಬರು ಸೆಟ್ಟಿಂಗ್ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಮೂರು ಪದ ಹೇಳಿಬಿಡುತ್ತೇನೆ: ಪ್ರೊ ಮೋಡ್ ಅಂದರೆ ಕ್ಯಾಮೆರಾ ಸೆಟ್ಟಿಂಗ್‌ಗಳನ್ನು ನಾವೇ ಇಡುವುದು, ರಾ ಫೈಲ್ ಅಂದರೆ ಫೋನ್ ತಿದ್ದದೆ ಕೊಡುವ ಕಚ್ಚಾ ಫೋಟೋ, ಸ್ಟ್ಯಾಕಿಂಗ್ ಅಂದರೆ ಒಂದೇ ದೃಶ್ಯದ ಹಲವು ಫೋಟೋಗಳನ್ನು ಕೂಡಿಸಿ ಒಂದು ಮಾಡುವುದು.

ಮೊದಲು ಫೋನಿನ ವಿಷಯ ಮುಗಿಸಿಬಿಡೋಣ. ಎರಡು ವರ್ಷ ಹಳೆಯ, ಒಂದು ಕಾಲದ ಟಾಪ್ ಮಾಡೆಲ್. ಸೆಕೆಂಡ್ ಹ್ಯಾಂಡ್, ಸುಮಾರು 26 ಸಾವಿರ ಕೊಟ್ಟೆ. ಮೇನ್ ಕ್ಯಾಮೆರಾ ಎಫ್ 1.8 (ಬೆಳಕು ಬಿಡುವ ತೂತಿನ ಅಳತೆ; ಅಂಕಿ ಸಣ್ಣದಾದಷ್ಟು ಬೆಳಕು ಜಾಸ್ತಿ), ದೊಡ್ಡ ಫುಲ್ ಫ್ರೇಮ್ ಕ್ಯಾಮೆರಾದ ಲೆಕ್ಕದಲ್ಲಿ 24 ಎಂಎಂ, ಅಂದರೆ ಅಗಲ ನೋಟ. ಯಾವ ಕಂಪನಿ ಅನ್ನೋದು ಮುಖ್ಯವಲ್ಲ. ರಾ ಕೊಡಬೇಕು, ಶಟರ್ 10 ಸೆಕೆಂಡಾದರೂ ತೆರೆದಿರಬೇಕು, ಫೋಕಸ್ ಕೈಯಲ್ಲಿ ತಿರುಗಿಸಲು ಬರಬೇಕು. ಈ ಮೂರು ಇದ್ದರೆ ಸಾಕು. ಅಲ್ಟ್ರಾವೈಡ್, ಟೆಲಿಫೋಟೋ ಕ್ಯಾಮೆರಾಗಳನ್ನು ರಾತ್ರಿ ಮುಟ್ಟಲೇಬೇಡಿ.

ಫೋನಿನಲ್ಲೇ ಇರುವ, ನಕ್ಷತ್ರ ತೆಗೆಯುವ ಆಸ್ಟ್ರೋ ಮೋಡ್‌ನಿಂದಲೇ ಎಲ್ಲರೂ ಶುರು ಮಾಡುತ್ತಾರೆ. ನಾನೂ ಹಾಗೇ. ನಾಲ್ಕು ನಿಮಿಷ ಕಾದರೆ ಒಂದು ಫೋಟೋ ಬರುತ್ತದೆ. ನೋಡಲು ಚೆನ್ನಾಗೇ ಇರುತ್ತದೆ. ಆದರೆ ದೊಡ್ಡದು ಮಾಡಿ ನೋಡಿ. ಸಣ್ಣ ನಕ್ಷತ್ರಗಳೆಲ್ಲ ಮಾಯ! ನಾಯ್ಸ್ (ಕತ್ತಲ ಫೋಟೋದಲ್ಲಿ ಬರುವ ಕಾಳು ಕಾಳು ಕಲೆ) ಅಂದುಕೊಂಡು ಫೋನೇ ಅವನ್ನು ಒರೆಸಿ ಹಾಕಿರುತ್ತದೆ. ಆಕಾಶಗಂಗೆ ಅಂದರೆ ಆ ಸಣ್ಣ ನಕ್ಷತ್ರಗಳೇ ಅಲ್ವಾ? ಅವು ಹೋದರೆ ಉಳಿಯುವುದು ಬರೀ ಬೂದು ಮೋಡ. ಆಮೇಲೆ ನಾನು ಆ ಮೋಡ್ ಮುಟ್ಟಿಲ್ಲ.

ಹೆಚ್ಚು ದುಡ್ಡು ಕಳೆದದ್ದು ಜಾಗ ಹುಡುಕುವುದರಲ್ಲಿ. ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ನಂದಿ ಬೆಟ್ಟ. ರಾತ್ರಿ ಮೇಲೆ ಬಿಡೋದಿಲ್ಲ. ಕೆಳಗೆ ಚಿಕ್ಕಬಳ್ಳಾಪುರದ ಕಡೆ ಹೊಲಗಳಲ್ಲಿ ನಿಂತು ನೋಡಿದೆ. ಆಕಾಶಗಂಗೆಯ ಅತಿ ಹೊಳೆಯುವ ನಡುಭಾಗ ಏಳುವುದು ಆಗ್ನೇಯಕ್ಕೆ, ನಿಲ್ಲುವುದು ದಕ್ಷಿಣಕ್ಕೆ. ಅಲ್ಲಿ ದಕ್ಷಿಣಕ್ಕೆ ಏನಿದೆ? ದೇವನಹಳ್ಳಿ ವಿಮಾನ ನಿಲ್ದಾಣ, ಅದರ ಹಿಂದೆ ಇಡೀ ಬೆಂಗಳೂರು. ಫ್ರೇಮಿನ ಕೆಳಗಿನ ಅರ್ಧ ಕಿತ್ತಳೆ ಬಣ್ಣ. ಲೈಟ್ ಪೊಲ್ಯೂಷನ್ ಫಿಲ್ಟರ್ ಹಾಕಿದರೆ ಹೋಗುತ್ತದೆ ಅಂತ ಯಾರೋ ಹೇಳಿದರು. 2,200 ರೂಪಾಯಿ ಕೊಟ್ಟು ತಂದೆ. ಈ ಫಿಲ್ಟರ್‌ಗಳು ತಡೆಯುವುದು ಹಳೆಯ ಸೋಡಿಯಂ ದೀಪದ ಹಳದಿ ಬೆಳಕನ್ನು. ಈಗ ಬೀದಿ ತುಂಬ ಎಲ್‌ಇಡಿ. ಅದರಲ್ಲಿ ಎಲ್ಲ ಬಣ್ಣವೂ ಇದೆ, ಫಿಲ್ಟರ್ ಏನೂ ಮಾಡಲಾಗದು. ದಯವಿಟ್ಟು ಯಾರೂ ಕೊಳ್ಳಬೇಡಿ.

ಬೆಂಗಳೂರಿನ ದಕ್ಷಿಣಕ್ಕೆ ಹೋದರೆ ಊರಿನ ಬೆಳಕು ಬೆನ್ನ ಹಿಂದೆ ಬೀಳುತ್ತದೆ. ಲೆಕ್ಕಕ್ಕೆ ಅದೇ ಸರಿ. ಆದರೆ ಕನಕಪುರ ದಾಟಿ ಮುಂದೆ ಹೋದರೆ ಕಾವೇರಿ ವನ್ಯಧಾಮ, ಆನೆ, ರಾತ್ರಿ ನಿಲ್ಲುವಂತಿಲ್ಲ. ಆ ಆಸೆ ಬಿಟ್ಟೆ.

ಆಮೇಲೆ ಸಕಲೇಶಪುರ. ಕಾಫಿ ತೋಟದ ಹೋಮ್‌ಸ್ಟೇ, ರಾತ್ರಿಗೆ ಮೂರೂವರೆ ಸಾವಿರ. ಕತ್ತಲೆ ಏನೋ ಭರ್ಜರಿ. ಆದರೆ ಎರಡು ಗಂಟೆ ಹೊತ್ತಿಗೆ ಇಬ್ಬನಿ ಶುರು. ಲೆನ್ಸ್ ಒರೆಸಿದ ಐದೇ ನಿಮಿಷಕ್ಕೆ ಮತ್ತೆ ಮಂಜು. ಕೈ ಬೆಚ್ಚಗೆ ಮಾಡುವ ಪಟ್ಟಿಯನ್ನು ಫೋನಿಗೆ ಸುತ್ತಿದೆ. ಮಂಜು ಹೋಯಿತು, ಆದರೆ ಸೆನ್ಸರ್ ಬಿಸಿಯಾಗಿ ಫೋಟೋ ತುಂಬ ಕೆಂಪು, ನೀಲಿ ಚುಕ್ಕಿ. ಮಲೆನಾಡು ಕಣ್ಣಿಗೆ ಎಷ್ಟೇ ಚೆಂದ ಇರಲಿ, ಈ ಕೆಲಸಕ್ಕೆ ಬಯಲುಸೀಮೆಯೇ ಸರಿ. ಒಣ ಗಾಳಿ, ಅಗಲ ಆಕಾಶ, ಮರ ಕಡಿಮೆ. ಚಿತ್ರದುರ್ಗ ಜಿಲ್ಲೆಯವರು ತಮ್ಮ ಆಕಾಶದ ಬೆಲೆ ತಿಳಿದುಕೊಳ್ಳಬೇಕು ಅನ್ನೋದು ನನ್ನ ಆಸೆ.

ಕೊನೆಗೆ ಸಿಕ್ಕಿದ್ದು ಹಿರಿಯೂರಿನಿಂದ ಹುಳಿಯಾರಿಗೆ ಹೋಗುವ ರಸ್ತೆಯ ಒಳಗಿನ ಒಂದು ಹೊಲ. ಗೆಳೆಯನ ಮಾವನದು. ಊರ ಹೆಸರು ಬರೆಯೋದಿಲ್ಲ, ಕ್ಷಮಿಸಿ. ಬರೆದರೆ ಮುಂದಿನ ಅಮಾವಾಸ್ಯೆಗೆ ಅಲ್ಲಿ ಕಾರಿನ ಹೆಡ್‌ಲೈಟ್‌ಗಳ ಜಾತ್ರೆ ಆಗುತ್ತದೆ. ಮನೆಯಿಂದ 180 ಕಿಲೋಮೀಟರ್ ಇರಬಹುದು. ಬೈಕಿನಲ್ಲಿ ಹೋದರೆ ಟೋಲ್ ಇಲ್ಲ, ಹೋಗಿ ಬರಲು ಸಾವಿರ ರೂಪಾಯಿ ಪೆಟ್ರೋಲ್. ದಕ್ಷಿಣಕ್ಕೆ ದೊಡ್ಡ ಊರೇ ಇಲ್ಲ. ಆಗ್ನೇಯಕ್ಕೆ ಶಿರಾ, ತುಮಕೂರಿನ ಬೆಳಕು ಮಂಕಾಗಿ ಕಾಣುತ್ತದೆ, ಆದರೆ ತೀರಾ ಕೆಳಗೆ. ಗಾಳಿಯಂತ್ರಗಳದ್ದು ಮಾತ್ರ ಸ್ವಲ್ಪ ಕಾಟ. ಗುಡ್ಡದ ಮೇಲೆ ಸಾಲಾಗಿ ಕೆಂಪು ದೀಪ ಮಿನುಗುತ್ತವೆ. ಒಂದು ಹುಣಸೆ ಮರದ ಮರೆಗೆ ಬರುವಂತೆ ಟ್ರೈಪಾಡ್ ಇಟ್ಟರೆ ಅವು ಫ್ರೇಮಿನಿಂದ ಹೊರಗೆ.

ಈಗ ದಿನದ ಲೆಕ್ಕ. ಎಲ್ಲರೂ ಅಮಾವಾಸ್ಯೆ ಅನ್ನುತ್ತಾರೆ. ಬೆಳಗಿನ ಜಾವ ತೆಗೆಯುವವರಿಗೆ ಅಮಾವಾಸ್ಯೆ ಆದ ಮೇಲಿನ ಒಂದು ವಾರ ಇನ್ನೂ ಒಳ್ಳೆಯದು. ಮುಂಚಿನ ದಿನಗಳಲ್ಲಿ ಸಣ್ಣ ಚಂದ್ರ ನಾಲ್ಕು ಗಂಟೆ ಸುಮಾರಿಗೆ ಎದ್ದು ಕೂರುತ್ತಾನೆ. ಆಮೇಲಿನ ದಿನಗಳಲ್ಲಿ ಸಂಜೆಯೇ ಮುಳುಗುತ್ತಾನೆ. ಅಷ್ಟಮಿ ದಿನ ಕೂಡ ಮಧ್ಯರಾತ್ರಿ ಹೊತ್ತಿಗೆ ಹೋಗಿಬಿಡುತ್ತಾನೆ. ಕೆಲಸಕ್ಕೆ ಹೋಗುವವರಿಗೆ ಶನಿವಾರ ಸಿಗಬೇಕಲ್ಲ, ಹಾಗಾಗಿ ಈ ಲೆಕ್ಕ ಗೊತ್ತಿದ್ದರೆ ವರ್ಷಕ್ಕೆ ಎಷ್ಟೋ ರಾತ್ರಿ ಜಾಸ್ತಿ ಸಿಗುತ್ತದೆ.

ನಮ್ಮ ಪಂಚಾಂಗವೇ ಎರಡು ರಾತ್ರಿ ಕೊಟ್ಟಿದೆ. ಶಿವರಾತ್ರಿ ಮತ್ತು ಯುಗಾದಿ. ಒಂದು ಅಮಾವಾಸ್ಯೆಯ ಹಿಂದೆಯೇ, ಇನ್ನೊಂದು ಮುಂದೆಯೇ. ಎರಡೂ ಆಕಾಶಗಂಗೆಯ ಸೀಸನ್‌ನಲ್ಲೇ ಬರುತ್ತವೆ. ಶಿವರಾತ್ರಿಯಲ್ಲಿ ಹೊತ್ತು ಕಮ್ಮಿ. ನಡುಭಾಗ ಇರುವ ಧನು ರಾಶಿ ಏಳುವುದೇ ತಡ, ನಾಲ್ಕೂವರೆಯಿಂದ ಐದೂಕಾಲರವರೆಗೆ ಏನು ಸಿಗುತ್ತದೋ ಅಷ್ಟೇ. ದೇವಸ್ಥಾನದ ದೀಪಗಳೂ ಬೆಳಗಿನ ತನಕ ಉರಿಯುತ್ತವೆ. ಯುಗಾದಿ ಹೊತ್ತಿಗೆ ಮೂರು ಗಂಟೆಗೇ ನಡುಭಾಗ 30 ಡಿಗ್ರಿ ಮೇಲೆ ಬಂದಿರುತ್ತದೆ. ನಮ್ಮ ಕಡೆ ಅದು ಕೊನೆಗೆ 47 ಡಿಗ್ರಿವರೆಗೂ ಏರುತ್ತದೆ. ಯುರೋಪಿನವರಿಗೆ ಇಷ್ಟು ಎತ್ತರ ಸಿಗೋದೇ ಇಲ್ಲ. ಅವರ ಪಾಠ ನೋಡಿ ದಿಗಂತದಲ್ಲಿ ಹುಡುಕಬೇಡಿ, ತಲೆ ಎತ್ತಿ ನೋಡಿ. ವೃಶ್ಚಿಕದ ಬಾಲದ ಮೂಲಾ ನಕ್ಷತ್ರ ಗುರುತಿಸಿದರೆ ಸಾಕು. ಅದರ ಎಡಕ್ಕೆ ಸ್ವಲ್ಪ ಮೇಲೆಯೇ ನಡುಭಾಗ.

2025ರ ಯುಗಾದಿ ಭಾನುವಾರ ಬಿತ್ತು, ಮಾರ್ಚ್ 30. ಶನಿವಾರ ಸಂಜೆಯೇ ಹೊಲ ಸೇರಿದೆ. ಎಣ್ಣೆ ಸ್ನಾನದ ಹೊತ್ತಿಗೆ ವಾಪಸ್ ಬರುತ್ತೇನೆ ಅಂತ ಮನೆಯಲ್ಲಿ ಒಪ್ಪಿಸಿದ್ದೆ. ಅದಕ್ಕೆ ಮೂರ್ನಾಲ್ಕು ದಿನ ಮುಂಚೆ ಆ ಕಡೆ ಒಂದು ಮಳೆ ಬಿದ್ದಿತ್ತು. ಇದು ದೊಡ್ಡ ಅದೃಷ್ಟ. ಬೇಸಿಗೆಯ ಧೂಳು, ಹೊಗೆ ಎಲ್ಲ ತೊಳೆದು ಹೋಗಿತ್ತು. ಫೆಬ್ರವರಿಯಲ್ಲಿ ಇದೇ ಹೊಲದಲ್ಲಿ ಇದೇ ಸೆಟ್ಟಿಂಗ್‌ನಲ್ಲಿ ತೆಗೆದದ್ದಕ್ಕೂ ಇದಕ್ಕೂ ಅಜಗಜಾಂತರ. ರೇವತಿ, ಅಶ್ವಿನಿ ಮಳೆ ಬಿದ್ದ ಮೇಲೆ ಆಕಾಶ ತಿಳಿಯಾದ ಮೊದಲ ರಾತ್ರಿ ಬಿಡಲೇಬೇಡಿ.

ಸೆಟ್ಟಿಂಗ್ ಹೇಳುತ್ತೇನೆ. 500 ಅನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ನಕ್ಷತ್ರ ಎಳೆಯದಂತೆ ಎಷ್ಟು ಸೆಕೆಂಡ್ ಶಟರ್ ತೆರೆಯಬಹುದು ಅಂತ ಗೊತ್ತಾಗುತ್ತದೆ ಅನ್ನೋದು 500ರ ಸೂತ್ರ. 24 ಎಂಎಂಗೆ ಅದನ್ನು ಹಾಕಿದರೆ 20 ಸೆಕೆಂಡ್ ಬರುತ್ತದೆ. ಫೋನಿಗೆ ಅದು ಜಾಸ್ತಿ, ನಕ್ಷತ್ರ ಮೊಟ್ಟೆ ಆಕಾರಕ್ಕೆ ಎಳೆಯುತ್ತದೆ. ನಾನು 10 ಸೆಕೆಂಡಿಗೆ ನಿಂತೆ. ಐಎಸ್ಒ (ಸೆನ್ಸರ್ ಹಿಡಿದದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 3200. ಅದರ ಮೇಲೆ ಹೋದರೆ ನನ್ನ ಫೋನಿನಲ್ಲಿ ಬೆಳಕು ಜಾಸ್ತಿ ಸಿಗೋದಿಲ್ಲ, ಅಂಕಿ ಮಾತ್ರ ಏರುತ್ತದೆ. ವೈಟ್ ಬ್ಯಾಲೆನ್ಸ್ (ಫೋಟೋದ ಬಣ್ಣದ ಹದ) 4000 ಹತ್ತಿರ, ರಾ ಆದ್ದರಿಂದ ಆಮೇಲೂ ತಿದ್ದಬಹುದು. ಫೋಕಸ್ ಸ್ಲೈಡರ್‌ನ ಕೊನೆಯಲ್ಲಿರುವ ಇನ್ಫಿನಿಟಿ (ಅತಿ ದೂರದ ಫೋಕಸ್) ನಿಜವಾದ ಇನ್ಫಿನಿಟಿ ಅಲ್ಲ. ಈಶಾನ್ಯದಲ್ಲಿ ಅಭಿಜಿತ್ ನಕ್ಷತ್ರ ಚೆನ್ನಾಗಿ ಹೊಳೆಯುತ್ತಿರುತ್ತದೆ. ಅದನ್ನು ತೆಗೆದು, ದೊಡ್ಡದು ಮಾಡಿ ನೋಡಿ, ಸ್ಲೈಡರ್ ಕೂದಲೆಳೆಯಷ್ಟು ಹಿಂದೆ ತಂದು ಮತ್ತೆ ತೆಗೆಯಿರಿ. ಚುಕ್ಕಿ ತೀರಾ ಸಣ್ಣದಾದ ಕಡೆ ನಿಲ್ಲಿಸಿ. ಇದಕ್ಕೆ ಕಾಲು ಗಂಟೆ ಹೋದರೂ ಪರವಾಗಿಲ್ಲ.

ಆಮೇಲೆ ಒಂದರ ಹಿಂದೆ ಒಂದು 40 ಫ್ರೇಮ್. ಇಷ್ಟೇ ಇಡೀ ವಿದ್ಯೆ. ದೊಡ್ಡ ಸೆನ್ಸರ್ ಒಂದೇ ಫ್ರೇಮಿನಲ್ಲಿ ಹಿಡಿಯುವ ಬೆಳಕನ್ನು ಸಣ್ಣ ಸೆನ್ಸರ್ 40 ಫ್ರೇಮಿನಲ್ಲಿ ಕೂಡಿಸುತ್ತದೆ. ಫ್ರೇಮ್ ನಾಲ್ಕು ಪಟ್ಟಾದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ. 10ರಿಂದ 40ಕ್ಕೆ ಹೋದಾಗ ಕಣ್ಣಿಗೆ ಕಾಣುವ ವ್ಯತ್ಯಾಸ ಇದೆ. 40ರಿಂದ 160ಕ್ಕೆ ಹೋಗಲು ನನಗೆ ತಾಳ್ಮೆಯೂ ಇಲ್ಲ, ಮೆಮೊರಿಯೂ ಇಲ್ಲ. ಒಂದೊಂದು ಫೈಲ್ 25 ಎಂಬಿ ಇರುತ್ತದೆ. ಕೊನೆಗೆ ಲೆನ್ಸ್‌ಗೆ ಕಪ್ಪು ಬಟ್ಟೆ ಮುಚ್ಚಿ ಅದೇ ಸೆಟ್ಟಿಂಗ್‌ನಲ್ಲಿ ಹತ್ತು ಹನ್ನೆರಡು ಡಾರ್ಕ್ ಫ್ರೇಮ್, ಅಂದರೆ ಬರೀ ಕಪ್ಪು ಫೋಟೋ. ಸೆನ್ಸರ್ ಬಿಸಿಯಿಂದ ಬರುವ ಚುಕ್ಕಿಗಳನ್ನು ಸ್ಟ್ಯಾಕ್ ಮಾಡುವಾಗ ಇವುಗಳಿಂದ ಕಳೆಯಬಹುದು. ನಮ್ಮ ಸೆಕೆಯಲ್ಲಿ ಇದು ಬೇಕೇ ಬೇಕು. ಫೋನ್ ಕವರ್ ತೆಗೆಯಿರಿ, ಫ್ಲೈಟ್ ಮೋಡ್ ಹಾಕಿ, ಸ್ಕ್ರೀನ್ ಬೆಳಕು ಇಳಿಸಿ. ಸೆನ್ಸರ್ ಇನ್ನೂ ತಣ್ಣಗಿರಲು ನಾನೇ ಒಂದು ಏರ್ಪಾಟು ಮಾಡಿಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಟ್ರೈಪಾಡ್ ಬಗ್ಗೆ ಒಂದು ಮಾತು. ಆನ್‌ಲೈನ್‌ನ 700 ರೂಪಾಯಿ ಟ್ರೈಪಾಡ್ ಬಯಲುಸೀಮೆ ಗಾಳಿಗೆ ನಿಲ್ಲೋದಿಲ್ಲ. ಗಾಳಿಯಂತ್ರ ಹಾಕಿರುವ ಊರು ಅಂದಮೇಲೆ ಗಾಳಿ ಇರುತ್ತದೆ ತಾನೆ. ಹಳೆ ಸ್ಟುಡಿಯೋದವರೊಬ್ಬರು ಮಾರಿದ ಕಬ್ಬಿಣದಂಥ ಟ್ರೈಪಾಡ್ 1,200ಕ್ಕೆ ಸಿಕ್ಕಿತು. ಹೊರಲು ಕಷ್ಟ, ನಿಂತರೆ ಬಂಡೆ.

ಆ ರಾತ್ರಿ ನಾಲ್ಕು ಗಂಟೆ ಸುಮಾರಿಗೆ ತ್ರೀ ಫೇಸ್ ಕರೆಂಟ್ ಬಂತು. ಪಕ್ಕದ ಹೊಲದ ಅಜ್ಜ ನೀರು ತಿರುವಲು ಟಾರ್ಚ್ ಹಿಡಿದು ಬಂದರು. ಕತ್ತಲಲ್ಲಿ ಯಾರೋ ಕೂತಿರುವುದು ಕಂಡು, ಕರಡಿಯೋ ಏನೋ ಅಂತ ಅಲ್ಲಿಂದಲೇ ಟಾರ್ಚ್ ಬಿಟ್ಟರು. ಬೆಳಕು ಹುಣಸೆ ಮರದ ಒಂದು ಬದಿಗೆ ಎರಡು ಸೆಕೆಂಡ್ ಬಿತ್ತು. ಶಟರ್ ತೆರೆದಿತ್ತು. ಆ ಒಂದು ಫ್ರೇಮಿನಲ್ಲಿ ಮರದ ತೊಗಟೆಯ ಬಿರುಕು, ತೂಗುವ ಹುಣಸೆಕಾಯಿ, ಬುಡದಲ್ಲಿ ಇಟ್ಟಿದ್ದ ಕಪ್ಪು ಪೈಪಿನ ಸುರುಳಿ ಎಲ್ಲ ಹಳದಿ ಬೆಳಕಿನಲ್ಲಿ ಬಂದಿದೆ. ನಾನು ಎಷ್ಟು ಸಲ ಟಾರ್ಚ್ ಹಾಕಿ ನೋಡಿದ್ದೆನೋ, ಎದುರಿನಿಂದ ಹಾಕಿದ ಬೆಳಕು ಮರವನ್ನು ಚಪ್ಪಟೆ ಮಾಡುತ್ತಿತ್ತು. ದೂರದಿಂದ, ಪಕ್ಕದಿಂದ, ಹಳೆ ಬಲ್ಬಿನ ಟಾರ್ಚ್. ಮರಕ್ಕೆ ಬೆಳಕು ಹಾಕುವುದನ್ನು ಆ ಅಜ್ಜನಿಂದ ಕಲಿತೆ. ಸ್ಟ್ಯಾಕ್ ಮಾಡುವಾಗ ಆಕಾಶಕ್ಕೆ ಉಳಿದ ಫ್ರೇಮ್‌ಗಳು, ನೆಲಕ್ಕೆ ಈ ಒಂದೇ ಫ್ರೇಮ್. ಆಮೇಲೆ ಅವರಿಗೆ ಫೋನಿನಲ್ಲಿ ತೋರಿಸಿದೆ. ನಮ್ಮ ಹೊಲದ ಮೇಲೆ ಇಷ್ಟೆಲ್ಲ ಇದೆಯಾ ಅಂದರು.

ಸ್ಟ್ಯಾಕಿಂಗ್‌ಗೆ ಸೀಕ್ವೇಟರ್ ಅನ್ನುವ ಸಾಫ್ಟ್‌ವೇರ್. ಉಚಿತ, ವಿಂಡೋಸ್‌ನಲ್ಲಿ ನಡೆಯುತ್ತದೆ. ನನ್ನ ಹಳೆ ಲ್ಯಾಪ್‌ಟಾಪ್ ಅರ್ಧ ಗಂಟೆ ಒದ್ದಾಡಿತು. ಕಾಂಟ್ರಾಸ್ಟ್ ಎಳೆಯುವ ಕೆಲಸ ಫೋಟೋ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನಲ್ಲೇ ಆಗುತ್ತದೆ. ಬಣ್ಣಕ್ಕೆ ನನ್ನದೇ ಒಂದು ಕ್ರಮ ಇದೆ, ಅದು ಮೊದಲು ಇನ್ನೂ ಪಕ್ವವಾಗಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಎರಡು ಹಲಗೆ, ಒಂದು ಬಾಗಿಲ ಕೀಲು, ಒಂದು ಎಂ6 ಬೋಲ್ಟ್ ಇಟ್ಟು ಟ್ರ್ಯಾಕರ್ (ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಸಾಧನ) ಮಾಡಿಸಿದೆ. ಬಡಗಿಗೆ 600 ರೂಪಾಯಿ. ಕೀಲಿನಿಂದ ಬೋಲ್ಟಿಗೆ ಸುಮಾರು 229 ಮಿಲಿಮೀಟರ್ ಇದ್ದರೆ, ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದಾಗ ಹಲಗೆ ಆಕಾಶದ ವೇಗಕ್ಕೆ ಸರಿಯಾಗಿ ಏಳುತ್ತದೆ. ಕೀಲು ಧ್ರುವ ನಕ್ಷತ್ರದ ಕಡೆ ಇರಬೇಕು. ಹಿರಿಯೂರಿನಲ್ಲಿ ಧ್ರುವ 14 ಡಿಗ್ರಿ ಮಾತ್ರ ಎತ್ತರ, ಎಷ್ಟೋ ರಾತ್ರಿ ಗುಡ್ಡದ ಮಬ್ಬಿನಲ್ಲೇ ಇರುತ್ತಾನೆ. ಅದೂ ಹೇಗೋ ಆಯಿತು. ಆದರೆ ನನ್ನ ಫೋನ್ 30 ಸೆಕೆಂಡಿಗಿಂತ ಜಾಸ್ತಿ ಶಟರ್ ತೆರೆಯೋದೇ ಇಲ್ಲ. ಸ್ಟ್ಯಾಕಿಂಗ್ ಮುಂದೆ ಅದರಿಂದ ಲಾಭ ಕಾಣಲಿಲ್ಲ. ಹಲಗೆ ಈಗ ಅಟ್ಟದ ಮೇಲಿದೆ. ಡಿಎಸ್ಎಲ್ಆರ್ ಇರುವವರು ಬೇಕಿದ್ದರೆ ಕೇಳಿ, ಕೊಡುತ್ತೇನೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಧೂಮಕೇತು ಬಂದಿತ್ತಲ್ಲ, ತ್ಸುಚಿನ್‌ಷಾನ್-ಅಟ್ಲಾಸ್. ಅದನ್ನೂ ಇದೇ ದಾರಿಯಲ್ಲಿ ಹಿಡಿದೆ, ಬೆಂಗಳೂರಿನ ನನ್ನ ತಾರಸಿಯಿಂದಲೇ. ಅಲ್ಲಿ ಬೆಳಗಾಗುತ್ತಿರುವ ಆಕಾಶ, ಹಾಗಾಗಿ 10 ಸೆಕೆಂಡ್ ಆಗದು. ಒಂದೆರಡು ಸೆಕೆಂಡಿನ ಫ್ರೇಮ್‌ಗಳು, ಐಎಸ್ಒ 400. ಬಾಲ ಸಣ್ಣಗೆ ಬಂತು, ಆದರೆ ಬಂತು. ಆ ದಿನವೇ ನನಗೆ ಈ ದಾರಿಯ ಮೇಲೆ ನಂಬಿಕೆ ಬಂದದ್ದು.

ಒಟ್ಟು ಖರ್ಚು? ಫೋನ್ ಬಿಟ್ಟು 18 ಸಾವಿರದ ಆಸುಪಾಸು. ಅದರಲ್ಲಿ ಫಿಲ್ಟರ್, ಫೋನಿಗೆ ಸಿಕ್ಕಿಸುವ ವೈಡ್ ಲೆನ್ಸ್, ಹೋಮ್‌ಸ್ಟೇ ಎಲ್ಲ ತೆಗೆದರೆ ನಿಜವಾಗಿ ಬೇಕಾಗಿದ್ದು ಟ್ರೈಪಾಡ್, ಕೆಂಪು ಜಿಲೆಟಿನ್ ಕಾಗದ ಸುತ್ತಿದ ಒಂದು ಟಾರ್ಚ್, ಪವರ್ ಬ್ಯಾಂಕ್, ಪೆಟ್ರೋಲ್. ನಾಲ್ಕೈದು ಸಾವಿರದಲ್ಲಿ ಮುಗಿಯುತ್ತದೆ.

ಪ್ರಿಂಟ್ ಹಾಕಿಸುವವರಿಗೆ ಇದೊಂದು ಗೊತ್ತಿರಲಿ. 12x18 ಮೊದಲ ಪ್ರಿಂಟ್ ಕಪ್ಪಗೆ ಬಂತು. ಫೋನಿನ ಪರದೆ ತಾನೇ ಹೊಳೆಯುತ್ತದೆ, ಕಾಗದ ಹೊಳೆಯೋದಿಲ್ಲ. ಒಂದು ಸ್ಟಾಪ್‌ನಷ್ಟು (ಅಂದರೆ ದುಪ್ಪಟ್ಟು) ಬೆಳಕು ಏರಿಸಿ ಮತ್ತೆ ಹಾಕಿಸಿದೆ. ಒಂದಕ್ಕೆ 250 ರೂಪಾಯಿ. ಎರಡನೆಯದರಲ್ಲಿ ಪೈಪಿನ ಸುರುಳಿಯೂ ಕಾಣುತ್ತದೆ. ಅದರದೇ ಇನ್ನೊಂದು ಪ್ರತಿ ಅಜ್ಜನ ಮನೆಗೆ ಹೋಗಿದೆ.

2026ರ ಯುಗಾದಿ ಮಾರ್ಚ್ 19, ಗುರುವಾರ. ಅದರ ಮುಂದಿನ ಶನಿವಾರ ರಾತ್ರಿ ಚಂದ್ರ ಬೇಗ ಮುಳುಗುತ್ತಾನೆ. ಈ ಸಲ ಫೋನನ್ನು ಅಡ್ಡ ಇಟ್ಟು, ದಿಗಂತದಿಂದ ನೆತ್ತಿಯವರೆಗೆ ಒಂದರ ಮೇಲೆ ಒಂದು ಮೂರು ಪ್ಯಾನೆಲ್ (ಆಮೇಲೆ ಜೋಡಿಸುವ ತುಂಡು ಫೋಟೋ), ಪ್ರತಿಯೊಂದಕ್ಕೂ 40 ಫ್ರೇಮ್ ತೆಗೆಯುವ ಯೋಚನೆ ಇದೆ. ಡಿಎಸ್ಎಲ್ಆರ್ ಗೆಳೆಯನೊಬ್ಬ ತನ್ನ ಫೋನ್ ತರುತ್ತೇನೆ ಅಂದಿದ್ದಾನೆ. ಟ್ರೈಪಾಡ್ ಗಟ್ಟಿಯದು ತಾ ಅಂತ ಮಾತ್ರ ಹೇಳಿದ್ದೇನೆ.