ರಕ್ತ ನಿಲ್ಲದ ಕಾಯಿಲೆ: ರಕ್ತಪರೀಕ್ಷೆ ಬರೆದುಕೊಡುವ ಮುನ್ನ ನಾನು ಕೇಳುವ ಪ್ರಶ್ನೆಗಳು

‘ನಿಮಗೆ ರಕ್ತಸ್ರಾವದ ತೊಂದರೆ ಇದೆಯಾ?’ ಎಂದು ನಾನು ಕೇಳುವುದೇ ಇಲ್ಲ. ಹುಟ್ಟಿನಿಂದ ಇರುವ ಕಾಯಿಲೆ ರೋಗಿಗೆ ಸಹಜ ಅನ್ನಿಸಿಬಿಟ್ಟಿರುತ್ತದೆ. ಅಮ್ಮ, ಚಿಕ್ಕಮ್ಮ ಎಲ್ಲರಿಗೂ ಮುಟ್ಟು ಒಂಬತ್ತು ದಿನ ಹೋಗುತ್ತಿದ್ದರೆ ಮಗಳು ‘ಇಲ್ಲ’ ಅಂತಲೇ ಹೇಳುತ್ತಾಳೆ. ಏನೂ ಇಲ್ಲದವರು ‘ನನಗೆ ಬೇಗ ನೀಲಿಗಟ್ಟುತ್ತೆ ಡಾಕ್ಟ್ರೇ’ ಅನ್ನುವುದೂ ಉಂಟು. ಹಾಗಾಗಿ ನಾನು ಹುಡುಕುವುದು ಎರಡು ಸಂಗತಿ: ಈ ದೇಹಕ್ಕೆ ಇಲ್ಲಿಯವರೆಗೆ ಎಂಥ ಗಾಯಗಳಾಗಿವೆ, ಆಗ ರಕ್ತ ನಿಲ್ಲಲು ಎಷ್ಟು ಹೊತ್ತು ಹಿಡಿಯಿತು.

ಹಲ್ಲು ಕೀಳಿಸಿದ್ದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಎಷ್ಟು ಹಲ್ಲು? ದವಡೆ ಹಲ್ಲೋ, ಮುಂದಿನದೋ? ಹತ್ತಿ ಕಚ್ಚಿಕೊಂಡು ಎಷ್ಟು ಹೊತ್ತಿಗೆ ನಿಂತಿತು? ಮನೆಗೆ ಹೋದ ಮೇಲೆ ಮತ್ತೆ ಶುರುವಾಯಿತೇ? ಬೆಳಿಗ್ಗೆ ದಿಂಬಿನ ಮೇಲೆ ರಕ್ತವಿತ್ತೇ? ಹೊಲಿಗೆ ಹಾಕಿಸಲು ವಾಪಸು ಹೋಗಬೇಕಾಯಿತೇ? ಕಿತ್ತ ಕೂಡಲೇ ಶುರುವಾಗಿ ನಿಲ್ಲದೆ ಜಿನುಗುತ್ತಿದ್ದರೆ ನನ್ನ ಅನುಮಾನ ಪ್ಲೇಟ್‌ಲೆಟ್ ಅಥವಾ ವಾನ್ ವಿಲ್ಲೆಬ್ರಾಂಡ್ (ಪ್ಲೇಟ್‌ಲೆಟ್‌ಗಳನ್ನು ಗಾಯಕ್ಕೆ ಅಂಟಿಸುವ ರಕ್ತದ ಪ್ರೋಟೀನ್) ಕಡೆಗೆ. ಗಾಯಕ್ಕೆ ಮೊದಲ ಬಿರಡೆ ಹಾಕುವುದು ಇವೆರಡೇ. ಚೆನ್ನಾಗಿ ನಿಂತು, ಕೆಲವು ಗಂಟೆಗಳ ನಂತರ ಮತ್ತೆ ಸುರಿದರೆ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ, ಸಂಖ್ಯೆಯಿಂದ ಗುರುತಿಸುವ ಪ್ರೋಟೀನ್) ಕೊರತೆ: ಬಿರಡೆ ಕೂತಿದೆ, ಅದನ್ನು ಬಿಗಿಯಾಗಿ ಹಿಡಿಯುವ ಫೈಬ್ರಿನ್ ಬಲೆ ಸಾಲದು. ಬಾಯಿಯೊಳಗೆ ಆ ಬಲೆ ಬೇಗ ಕರಗುತ್ತದೆ. ಫ್ಯಾಕ್ಟರ್ 11ರ ಕೊರತೆ ಬೇರೆಲ್ಲೂ ಕಾಣಿಸದೆ ಹಲ್ಲು, ಟಾನ್ಸಿಲ್ ತೆಗೆಸಿದಾಗಲೇ ಬಯಲಾಗುವುದು ಅದಕ್ಕೇ.

ಹಲ್ಲು ಕೀಳಿಸಿಲ್ಲ, ಆಪರೇಷನ್ ಆಗಿಲ್ಲ, ಹೆರಿಗೆಯಾಗಿಲ್ಲ ಎಂದಾದರೆ ‘ರಕ್ತಸ್ರಾವ ಇಲ್ಲ’ ಎಂದು ಬರೆಯಬೇಡಿ. ‘ರಕ್ತ ನಿಲ್ಲಿಸುವ ಶಕ್ತಿ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ’ ಎಂದು ಬರೆಯಿರಿ. ಕೇಸ್ ಶೀಟುಗಳಲ್ಲಿ ನಾನು ಕಾಣುವ ಅತಿ ದೊಡ್ಡ ತಪ್ಪು ಇದು.

ಮುಟ್ಟಿನ ವಿಷಯದಲ್ಲಿ ‘ಜಾಸ್ತಿ’, ‘ಕಡಿಮೆ’ ಎಂಬ ಮಾತಿಗೆ ಬೆಲೆಯಿಲ್ಲ, ಲೆಕ್ಕ ಬೇಕು. ಏಳು ದಿನ ಮೀರುತ್ತದೆಯೇ, ಹೆಚ್ಚು ಹೋಗುವ ದಿನ ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕೇ, 2.5 ಸೆಂ.ಮೀ.ಗಿಂತ ದೊಡ್ಡ ಗಡ್ಡೆ ಬೀಳುತ್ತದೆಯೇ, ರಾತ್ರಿ ಎದ್ದು ಬದಲಿಸಬೇಕೇ, ಕಬ್ಬಿಣದ ಮಾತ್ರೆ ಎಷ್ಟು ಸಲ ಬರೆದುಕೊಟ್ಟಿದ್ದಾರೆ. ಮೊದಲ ಮುಟ್ಟಿನಿಂದಲೇ ಹೀಗಿದ್ದರೆ ತೂಕ ಹೆಚ್ಚು. ಹೆರಿಗೆಯಾದವರಿಗೆ ಅದೇ ದಿನದ್ದನ್ನಷ್ಟೇ ಅಲ್ಲ, ಮುಂದಿನ ಮೂರು ವಾರದ್ದನ್ನೂ ಕೇಳುತ್ತೇನೆ. ಗರ್ಭಿಣಿಯಾಗಿದ್ದಾಗ ಏರಿದ ವಾನ್ ವಿಲ್ಲೆಬ್ರಾಂಡ್ ಪ್ರಮಾಣ ಬಾಣಂತನದಲ್ಲಿ ಇಳಿಯುತ್ತದೆ, ರಕ್ತ ಹೋಗುವುದು ಆಗ.

ಮೂಗಿನ ರಕ್ತ ಒತ್ತಿ ಹಿಡಿದರೂ ಹತ್ತು ನಿಮಿಷ ಮೀರಿದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಯಾವಾಗಲೂ ಒಂದೇ ಹೊಳ್ಳೆಯಿಂದ ಬರುತ್ತಿದ್ದರೆ ಮೊದಲು ಮೂಗನ್ನೇ ನೋಡಿಸಬೇಕು. ನಡೆಯಲು ಕಲಿತ ಮಗುವಿನ ಮೊಣಕಾಲ ಕೆಳಗಿನ ನೀಲಿ ಕಲೆಗೆ ಅರ್ಥವಿಲ್ಲ, ಬೆನ್ನು ಹೊಟ್ಟೆಯ ಮೇಲಿದ್ದರೆ ಅರ್ಥವಿದೆ. ಹೊಕ್ಕುಳಬಳ್ಳಿ ಉದುರುವಾಗ ರಕ್ತ ಸುರಿದಿತ್ತೇ ಎಂದು ತಾಯಿಯನ್ನು ಕೇಳುವುದನ್ನು ಮರೆಯಬಾರದು. ಫ್ಯಾಕ್ಟರ್ 13 ಇಲ್ಲದ ಮಗುವಿನ ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪರೀಕ್ಷೆಗಳು) ಎರಡೂ ಸರಿಯಾಗೇ ಬರುತ್ತವೆ. ಸುಳಿವು ಕೊಡುವುದು ತಾಯಿಯ ನೆನಪು ಮಾತ್ರ.

ವಂಶವೃಕ್ಷವನ್ನು ರೋಗಿಯ ಎದುರೇ ಬರೆಯುತ್ತೇನೆ, ಮೂರು ತಲೆಮಾರು. ಹುಡುಗನಿಗೆ ಮಂಡಿಯೊಳಗೆ ರಕ್ತ ಸೇರಿ ಊದುತ್ತಿದ್ದರೆ ಅನುಮಾನ ಹಿಮೋಫಿಲಿಯಾ (ಫ್ಯಾಕ್ಟರ್ 8 ಅಥವಾ 9ರ ಕೊರತೆ) ಮೇಲೆ. ಅದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದರಿಂದ ಮೊದಲ ಪ್ರಶ್ನೆ ಸೋದರಮಾವನ ಬಗ್ಗೆ, ಆಮೇಲೆ ಅಮ್ಮನ ತಾಯಿಯ ಅಣ್ಣತಮ್ಮಂದಿರ ಬಗ್ಗೆ. ಚಿಕ್ಕಂದಿನಲ್ಲೇ ತೀರಿಕೊಂಡ ಗಂಡುಮಕ್ಕಳನ್ನು ಕೇಳದೆ ಯಾರೂ ಹೇಳುವುದಿಲ್ಲ. ಆದರೆ ಸುಮಾರು ಮೂರನೇ ಒಂದು ಭಾಗದ ಹಿಮೋಫಿಲಿಯಾ ಹೊಸ ಮ್ಯುಟೇಶನ್‌ನಿಂದ ಬರುತ್ತದೆ, ಆದ್ದರಿಂದ ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದು ಕೈಬಿಡುವಂತಿಲ್ಲ. ಹಿಮೋಫಿಲಿಯಾ ಇರುವ ತಂದೆಯ ಹೆಣ್ಣುಮಕ್ಕಳೆಲ್ಲ ವಾಹಕರು. ಅವರಲ್ಲೂ ಫ್ಯಾಕ್ಟರ್ ಕಡಿಮೆ ಇರಬಹುದು, ಅಳೆಯಲೇಬೇಕು. ಗಂಡು ಹೆಣ್ಣು ಇಬ್ಬರಲ್ಲೂ ಕಾಣಿಸಿಕೊಂಡರೆ ದಾರಿ ಬೇರೆ. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಅಲ್ಲಿನ ಓಲಂಡ್ ದ್ವೀಪಗಳ ಕುಟುಂಬವೊಂದರ ವಂಶವೃಕ್ಷ ಇಟ್ಟುಕೊಂಡೇ, ಈಗ ತಮ್ಮ ಹೆಸರಿನಲ್ಲಿರುವ ಈ ಕಾಯಿಲೆ ಹಿಮೋಫಿಲಿಯಾ ಅಲ್ಲ ಎಂದದ್ದು. ತಂದೆತಾಯಿ ರಕ್ತಸಂಬಂಧಿಗಳಾಗಿದ್ದರೆ ಗ್ಲಾನ್ಸ್‌ಮನ್‌ನಂಥ ಅಪರೂಪದ ಪ್ಲೇಟ್‌ಲೆಟ್ ಕಾಯಿಲೆಗಳೂ ಪಟ್ಟಿಗೆ ಸೇರುತ್ತವೆ.

ಇದೆಲ್ಲವನ್ನೂ ಐಎಸ್‌ಟಿಎಚ್ (ಹೆಪ್ಪುಗಟ್ಟುವಿಕೆ ತಜ್ಞರ ಅಂತರರಾಷ್ಟ್ರೀಯ ಸಂಘ) ಅಂಕಪಟ್ಟಿಗೆ ಇಳಿಸುತ್ತೇನೆ: 14 ವಿಷಯ, ಪ್ರತಿಯೊಂದಕ್ಕೂ 0ಯಿಂದ 4. ಒಟ್ಟು ಅಂಕ ಗಂಡಸರಿಗೆ 4, ಹೆಂಗಸರಿಗೆ 6, ಮಕ್ಕಳಿಗೆ 3 ಅಥವಾ ಹೆಚ್ಚಾದರೆ ಅಸಹಜ. ಮಕ್ಕಳಲ್ಲಿ ಅಂಕ ಕಡಿಮೆ ಬಂದರೆ ನಾನು ನಿಶ್ಚಿಂತನಾಗುವುದಿಲ್ಲ, ಅಂಕ ಗಳಿಸಲು ಅವರಿಗಿನ್ನೂ ವಯಸ್ಸಾಗಿಲ್ಲ. ಮಾತ್ರೆಗಳ ಪಟ್ಟಿಯನ್ನು ಎರಡು ಸಲ ಕೇಳುತ್ತೇನೆ, ಯಾಕೆಂದರೆ ನೋವಿನ ಮಾತ್ರೆಯನ್ನು ಯಾರೂ ಔಷಧ ಎಂದು ಎಣಿಸುವುದಿಲ್ಲ. ಪ್ಲೇಟ್‌ಲೆಟ್ ಮೇಲೆ ಆಸ್ಪಿರಿನ್ ಪರಿಣಾಮ 7ರಿಂದ 10 ದಿನ ಇರುತ್ತದೆ.

ಆಮೇಲೆ ರಕ್ತದ ಮಾದರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ. ಟ್ಯೂಬ್ ಅರ್ಧ ತುಂಬಿದ್ದರೆ ಎಪಿಟಿಟಿ ಸುಳ್ಳಾಗಿ ಉದ್ದವಾಗುತ್ತದೆ. ಅತ್ತು ರಂಪ ಮಾಡಿದ ಮಗುವಿನಲ್ಲಿ, ಜ್ವರದಲ್ಲಿ, ಗರ್ಭಿಣಿಯಲ್ಲಿ ವಾನ್ ವಿಲ್ಲೆಬ್ರಾಂಡ್ ಪ್ರಮಾಣ ಏರಿ ಕೊರತೆ ಮುಚ್ಚಿಹೋಗಬಹುದು. ಕೇಳಿ ತಿಳಿದದ್ದು ಗಟ್ಟಿಯಾಗಿದ್ದು ವರದಿ ಸರಿಯಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಕಳಿಸುತ್ತೇನೆ. ತದ್ವಿರುದ್ಧವೂ ಆಗುತ್ತದೆ: ಎಪಿಟಿಟಿ ಎರಡು ಪಟ್ಟು ಉದ್ದ, ಆದರೆ ರೋಗಿ ನಾಲ್ಕು ದವಡೆ ಹಲ್ಲು ಕೀಳಿಸಿಕೊಂಡು ಸಂಜೆ ಆರಾಮಾಗಿದ್ದವನು. ಆಗ ಫ್ಯಾಕ್ಟರ್ 12 ಪರೀಕ್ಷೆಗೆ ಕಳಿಸಿ ನೋಡುತ್ತೇನೆ: ಅದರ ಕೊರತೆ ಎಪಿಟಿಟಿಯನ್ನು ಉದ್ದ ಮಾಡುತ್ತದೆ, ರಕ್ತಸ್ರಾವ ಮಾಡುವುದಿಲ್ಲ. ಕಡಿಮೆ ಇರುವುದು ಅದೊಂದೇ ಆದರೆ, ರಕ್ತಸ್ರಾವದ ಭಯಕ್ಕೆ ಅವನ ಆಪರೇಷನ್ ಮುಂದೂಡಬೇಕಿಲ್ಲ.