ಅರ್ಧಕ್ಕೆ ನಿಂತ ಎಸ್ಟೇಟ್ ಕಾರನ್ನು ಮಾರಿದ್ದು

ಗುಜರಿಯವನು ಕೇಳಿದ್ದು 38,000 ರೂಪಾಯಿ. ಅಷ್ಟರಲ್ಲಿ ನಾನು ಆ ಕಾರಿಗೆ 2,15,000 ಸುರಿದಾಗಿತ್ತು. ಆದರೂ ಅದು ಅಂಗಳ ದಾಟಿ ಒಂದು ಅಡಿ ಹೋಗುವ ಹಾಗಿರಲಿಲ್ಲ.

ಕಾರು ಟಾಟಾ ಎಸ್ಟೇಟ್. 1992ರಲ್ಲಿ ಬಂದ ಉದ್ದ ಬೆನ್ನಿನ ಸ್ಟೇಷನ್ ವ್ಯಾಗನ್, ಕೆಲವರಿಗಾದರೂ ನೆನಪಿರಬಹುದು. ನಮ್ಮದು 1995ರದ್ದು, ಮಂಜೇಶ್ವರದ ಸೋದರಮಾವನ ಹೆಸರಲ್ಲಿತ್ತು. ಹಿಂದಿನ ಸೀಟು ಮಡಚಿ ಅಡಿಕೆ ಗೋಣಿ ತುಂಬಿಸಿ ಮಂಗಳೂರಿಗೆ ಹೋಗುತ್ತಿದ್ದರು. ಮದುವೆ ಸೀಸನ್‌ನಲ್ಲಿ ಅದೇ ಜಾಗದಲ್ಲಿ ನಾವು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು. 2019ರಲ್ಲಿ ಮಾವ "ನಿಂಗೆ ಬೇಕಾದ್ರೆ ತಗೊಂಡು ಹೋಗು ಮಾರಾಯ, ಇಲ್ಲಿ ಹಾಳಾಗ್ತಾ ಉಂಟು" ಅಂದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಗೆ ತಂದೆ. ಆರ್‌ಸಿ, ಅಂದರೆ ನೋಂದಣಿ ಪತ್ರ ಮಾತ್ರ ಮಾವನ ಹೆಸರಲ್ಲೇ ಉಳಿಯಿತು. ಆ ಸೋಮಾರಿತನಕ್ಕೆ ಆಮೇಲೆ ಬಡ್ಡಿ ಕಟ್ಟಿದೆ.

ಎಂಜಿನ್ ಕೆಲಸ ಸುಲಭದ್ದೇ. ಅದರ 1948 ಸಿಸಿ ಡೀಸೆಲ್ ಎಂಜಿನ್ನೇ ಹಳೇ ಸುಮೋದಲ್ಲೂ ಇತ್ತು. ಹಾಗಾಗಿ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಹುಡುಕಲು ಕಷ್ಟವಾಗಲಿಲ್ಲ. ಕುಂಬಳೆಯ ಮೆಕ್ಯಾನಿಕ್ ಒಬ್ಬರು ತಿಂಗಳೊಳಗೆ ಸ್ಟಾರ್ಟ್ ಮಾಡಿಕೊಟ್ಟರು. ಮೊದಲ ಸಲ ಗಡಗಡ ಅಂದಾಗ ಕೊಟ್ಟಿಗೆಯಲ್ಲಿದ್ದ ದನ ಹಗ್ಗ ಎಳೆದು ನಿಂತಿತ್ತು.

ಸೋತದ್ದು ಬಾಡಿಯಲ್ಲಿ. ಕಡಲ ಗಾಳಿಯಲ್ಲಿ ಇಪ್ಪತ್ತನಾಲ್ಕು ಮಳೆಗಾಲ ಕಳೆದ ತಗಡು ಅದು. ಮ್ಯಾಟ್ ಎತ್ತಿದರೆ ಡ್ರೈವರ್ ಕಾಲಡಿಯಲ್ಲಿ ಅಂಗಳದ ಸಗಣಿ ಸಾರಿಸಿದ ನೆಲ ಕಾಣುತ್ತಿತ್ತು. ಹಿಂದಿನ ಡಿಕ್ಕಿ ಬಾಗಿಲಿನ ರಬ್ಬರ್, ಟೈಲ್ ಲ್ಯಾಂಪ್, ಪಕ್ಕದ ಉದ್ದ ಗಾಜು, ಇವು ಎಸ್ಟೇಟ್‌ಗೆ ಮಾತ್ರ ಇದ್ದಂಥವು. ಸುಮೋದ್ದು ಹೊಂದುವುದಿಲ್ಲ. ಒಂದು ಟೈಲ್ ಲ್ಯಾಂಪ್‌ಗಾಗಿ ಕೋಝಿಕ್ಕೋಡ್‌ವರೆಗೆ ಹೋಗಿ ಬರಿಗೈಲಿ ಬಂದಿದ್ದೇನೆ. ಆಮೇಲೆ ಕೊರೋನಾ, ಅದಾದ ಮೇಲೆ ತೋಟಕ್ಕೆ ಎಲೆಚುಕ್ಕಿ ರೋಗ. ಕಾರಿಗೆ ಟಾರ್ಪಾಲು ಹೊದೆಸಿ, ಅದರ ಮೇಲೆ ಸೋಗೆ ಬಿದ್ದು, ಅದನ್ನು ನೋಡದೆ ಓಡಾಡುವ ಅಭ್ಯಾಸ ಮಾಡಿಕೊಂಡೆ.

ಮಾರುವುದು ಅಂತ ತೀರ್ಮಾನಿಸಿದಾಗ ಮೊದಲು ಮಾಡಿದ ತಪ್ಪು ಬೆಲೆಯಲ್ಲಿ. ಬಿಲ್ಲುಗಳನ್ನೆಲ್ಲ ಕೂಡಿಸಿ, ಸ್ವಲ್ಪ ನಷ್ಟ ಆಗಲಿ ಅಂತ ಜಾಹೀರಾತಿನಲ್ಲಿ 1,80,000 ಹೇಳಿದೆ. "ಶೇಕಡಾ 70 ಕೆಲಸ ಮುಗಿದಿದೆ" ಅಂತಲೂ ಬರೆದೆ. ಫೋಟೋ ಎಲ್ಲ ಒಳ್ಳೆಯ ಬದಿಯಿಂದ. ಫೋನು ಬಂದವು, ತುಂಬಾ ಬಂದವು. ಅರ್ಧ ಜನ ಸುಮ್ನೆ ತಮ್ಮ ಅಪ್ಪನ ಎಸ್ಟೇಟ್ ಬಗ್ಗೆ ಮಾತಾಡಲು.

ನೋಡಲು ಬಂದವರಲ್ಲಿ ಪುತ್ತೂರಿನವರೊಬ್ಬರು ಮೆಕ್ಯಾನಿಕ್ಕನ್ನೂ ಕರಕೊಂಡು ಬಂದಿದ್ದರು. ಆ ಹುಡುಗ ಎಂಜಿನ್ ಕಡೆ ನೋಡಲೇ ಇಲ್ಲ. ನೇರ ಹಿಂದಿನ ಬಾಗಿಲ ಬುಡಕ್ಕೆ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅದರ ಹಿಡಿಯಿಂದ ಮೆಲ್ಲ ಬಡಿಯುತ್ತಾ ಬಂದ. ಠಣ್, ಠಣ್, ಠಣ್. ಆಮೇಲೆ ಒಂದು ಕಡೆ ದಪ್. ಸ್ಕ್ರೂಡ್ರೈವರ್ ತಿರುಗಿಸಿ ತುದಿಯಿಂದ ಒತ್ತಿದ. ಬೆರಳುದ್ದ ಒಳಗೆ ಹೋಯಿತು. ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ ಅಂಗೈ ಅಗಲಕ್ಕೆ ಕಳಚಿ ನೆಲಕ್ಕೆ ಬಿತ್ತು, ಅದರ ಹಿಂದೆ ಒದ್ದೆಯಾದ ಕೆಂಪು ಪುಡಿ. "ಇದು ನಿಮಗೆ ಗೊತ್ತಿತ್ತಾ ಅಣ್ಣ?" ಅಂತ ಕೇಳಿದ. ಗೊತ್ತಿತ್ತು. ಮಾವನ ಕಾಲದಲ್ಲೇ ಹಾಕಿಸಿದ್ದ ಪುಟ್ಟಿ ಅದು. ನಾನು ಅದರ ಮೇಲೆ ಪ್ರೈಮರ್ ಹೊಡೆಸಿ ಸುಮ್ಮನಿದ್ದೆ. ಅವರು ಕಾಫಿ ಕುಡಿದು ಹೊರಟರು, ಮತ್ತೆ ಫೋನ್ ಮಾಡಲಿಲ್ಲ.

ಆ ಸಂಜೆ ನಾನೇ ಸ್ಕ್ರೂಡ್ರೈವರ್ ಹಿಡಿದು ಕೂತೆ. ಸಂಶಯ ಇದ್ದಲ್ಲೆಲ್ಲ ಪುಟ್ಟಿ ಕೆದಕಿ ತೆಗೆದೆ. ತೂತುಗಳು ಒಟ್ಟು ಹದಿನೇಳು. ಪ್ರತಿಯೊಂದಕ್ಕೂ ಸುತ್ತ ಸೀಮೆಸುಣ್ಣದ ಗೆರೆ ಹಾಕಿ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದೆ. ಬಿಚ್ಚಿಟ್ಟ ಸಾಮಾನು ಇನ್ನೂ ದೊಡ್ಡ ತಲೆನೋವು. ಬಿಚ್ಚುವಾಗ ಯಾವುದಕ್ಕೂ ಚೀಟಿ ಹಾಕಿರಲಿಲ್ಲ. ನಾಲ್ಕು ಗೋಣಿಯಲ್ಲಿ ಬೋಲ್ಟು, ಕ್ಲಿಪ್ಪು, ಪವರ್ ವಿಂಡೋ ಮೋಟರು ಎಲ್ಲ ಕಲಸುಮೇಲೋಗರ. ಮೂರು ಭಾನುವಾರ ಕೂತು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದೆ. ಏನೆಂದು ತಿಳಿಯದ್ದಕ್ಕೆ ಒಂದು ಡಬ್ಬಿ, ಅದರ ಮೇಲೆ "ದೇವರಿಗೇ ಗೊತ್ತು".

ಎರಡನೇ ಸಲ ಜಾಹೀರಾತು ಹಾಕಿದಾಗ ಮೊದಲ ಫೋಟೋನೇ ತೂತಿನದ್ದು. "ಎಂಜಿನ್ ಸ್ಟಾರ್ಟ್ ಆಗುತ್ತದೆ, ಬ್ರೇಕ್ ಇಲ್ಲ, ಎಡಗಡೆ ಟೈಲ್ ಲ್ಯಾಂಪ್ ಇಲ್ಲ, ಆರ್‌ಸಿ ಅವಧಿ 2020ರಲ್ಲಿ ಮುಗಿದಿದೆ, ಓಡಿಸಿಕೊಂಡು ಹೋಗಲಾಗದು" ಅಂತ ಬರೆದು, 95,000 ಅಂದೆ. ಫೋನು ಬಂದದ್ದು ಐದೇ. ಅದರಲ್ಲೊಬ್ಬರು ಪಯ್ಯನ್ನೂರಿನವರು, ಅವರ ಹತ್ತಿರ ಆಗಲೇ ಒಂದು ಎಸ್ಟೇಟ್ ಇತ್ತು. ಎಂಜಿನ್ ಬಗ್ಗೆ ಕೇಳಲೇ ಇಲ್ಲ. ಹಿಂದಿನ ಪಕ್ಕದ ಗಾಜು ಎರಡೂ ಒಡೆಯದೆ ಉಂಟಾ ಅಂತ ಮಾತ್ರ ಕೇಳಿದರು. ನಾನು ಲೆಕ್ಕಕ್ಕೇ ಹಿಡಿಯದಿದ್ದ ಗಾಜು ಅದು!

ಚೌಕಾಶಿಗೆ ಅವರಿಗೆ ಸಿಕ್ಕಿದ್ದು ಕಾಗದಪತ್ರ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 5,000ದಿಂದ 10,000ಕ್ಕೆ ಏರಿಸಿತ್ತು. ಅದರ ಮೇಲೆ ತಡ ಮಾಡಿದ್ದಕ್ಕೆ ದಂಡ, ಹಳೇ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್. ವಿಂಟೇಜ್ ಅಂತ ಮಾಡಿಸೋಣ ಅಂದರೆ ಅದಕ್ಕೆ 50 ವರ್ಷ ಆಗಬೇಕು. 82,000ಕ್ಕೆ ಒಪ್ಪಿದೆ. ಅವರೂ ಕೇರಳದವರೇ ಆದದ್ದು ನನ್ನ ಅದೃಷ್ಟ. ಪುತ್ತೂರಿಗೆ ಹೋಗಿದ್ದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕರ್ನಾಟಕದ ತೆರಿಗೆ ಅಂತ ತಲಪಾಡಿ ಗಡಿಯ ಆಚೆಗೊಂದು ಹೊಸ ಪುರಾಣ ಶುರುವಾಗುತ್ತಿತ್ತು.

ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಆ ಕಾರಿಂದ ಏನಾದರೂ ಅಪಘಾತ ಆದರೆ ಹೊಣೆ ಹಳೇ ಮಾಲಿಕನದ್ದೇ. 2018ರಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿದೆ. ಇಲ್ಲಿ ಹಳೇ ಮಾಲಿಕ ಅಂದರೆ 78 ವರ್ಷದ ಮಾವ. ಹಾಗಾಗಿ ಹೆಸರು ಬದಲಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಮಾಡಿಸುವುದರ ಜೊತೆಗೆ, ಕಾರು ಕೊಟ್ಟ ದಿನ, ಗಂಟೆ, "ನವೀಕರಣದ ಖರ್ಚು ಕೊಂಡವರದ್ದು" ಎಂಬುದನ್ನೆಲ್ಲ ಮುದ್ರಾಪತ್ರದಲ್ಲಿ ಬರೆಸಿದೆ. ಒಂದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಆನ್‌ಲೈನಲ್ಲಿ ಹಾಕಲು ಹೋದರೆ ಓಟಿಪಿ ಮಾವ ಎಂದೋ ಬಿಟ್ಟ ನಂಬರಿಗೆ ಹೋಯಿತು. ಮೊದಲು ನಂಬರ್ ಬದಲಿಸಲು ಅರ್ಜಿ, ಅದಾದ ಮೇಲೆ ಇದು. ನೀವು ಹಳೇ ಕಾರು ಮಾರುವವರಾದರೆ ಜಾಹೀರಾತಿಗೆ ಮೊದಲೇ ಆ ನಂಬರ್ ನೋಡಿಕೊಳ್ಳಿ.

ರಿಕವರಿ ವ್ಯಾನ್ ಬಂದ ದಿನ ಮಾವ ಮಂಜೇಶ್ವರದಿಂದ ಬಂದಿದ್ದರು. ಸೊಂಟಕ್ಕೆ ಕೈ ಕೊಟ್ಟು ಎಲ್ಲ ನೋಡಿದರು. ಹದಿನೇಳು ಸೀಮೆಸುಣ್ಣದ ಗೆರೆಯನ್ನೂ ಬಗ್ಗಿ ನೋಡಿ, "ನಾನು ಓಡಿಸುವಾಗ ಇಷ್ಟು ತೂತು ಇರ್ಲಿಲ್ಲಪ್ಪ" ಅಂದರು. ಕೊಂಡವರು ಎಲ್ಲಕ್ಕಿಂತ ಮೊದಲು ಜೋಪಾನವಾಗಿ ವ್ಯಾನಿನ ಮುಂದಿನ ಸೀಟಿಗೆ ಹಾಕಿಕೊಂಡದ್ದು "ದೇವರಿಗೇ ಗೊತ್ತು" ಡಬ್ಬಿಯನ್ನು.