ಪಾರ್ಕೆಟ್ ಫೈಲ್: ಬೇಕಾದ ಕಾಲಂ ಮಾತ್ರ ತೆಗೆಯಿರಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಲವು ವರ್ಷಗಳ ದರಪಟ್ಟಿ ನಿಮಗೆ ಪಾರ್ಕೆಟ್ ಫೈಲಾಗಿ, ಅಂದರೆ ಡೇಟಾವನ್ನು ಕಾಲಂ ಕಾಲಂ ಆಗಿ ಒತ್ತಿಡುವ ಫೈಲಾಗಿ, ಸಿಕ್ಕಿದೆ ಅಂದುಕೊಳ್ಳಿ. ಹುಬ್ಬಳ್ಳಿಯಲ್ಲಿ ಕೋರ್ಸ್ ಮಾಡುವ ಹುಡುಗರು ಅದನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು, ಫೈಲ್ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ, ಅದು ಬೈನರಿ ಫೈಲ್. ಶುರುವಿನಲ್ಲಿ ಕಾಣುವ ‘ಪಿಎಆರ್1’ ಕೊನೆಯಲ್ಲೂ ಇರಬೇಕು. ಇಲ್ಲದಿದ್ದರೆ ಬಹುಶಃ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ.

ಪೈಥಾನ್‌ನಲ್ಲಿ ಪಾಂಡಾಸ್, ಪೈಆ್ಯರೋ ಎಂಬ ಎರಡು ಲೈಬ್ರರಿಗಳನ್ನೂ ಇನ್‌ಸ್ಟಾಲ್ ಮಾಡಿ. ಫಾಸ್ಟ್‌ಪಾರ್ಕೆಟ್ ಅಂತಲೂ ಒಂದಿದೆ, ಬೇಕಿಲ್ಲ.

ಎಲ್ಲರೂ ಎಡವುವುದು ಮುಂದೆ. ಪಾಂಡಾಸ್‌ನ ಫಂಕ್ಷನ್ ರೀಡ್ ಪಾರ್ಕೆಟ್‌ಗೆ ಬರೀ ಫೈಲ್ ಹೆಸರು ಕೊಟ್ಟರೆ ಇಡೀ ಫೈಲ್ ಮೆಮೊರಿಗೆ ಬರುತ್ತದೆ. ಡಿಸ್ಕ್‌ನಲ್ಲಿ ಒತ್ತಿಟ್ಟ ಡೇಟಾ ಅಲ್ಲಿ ಹಲವು ಪಟ್ಟು ಉಬ್ಬಬಹುದು. ಲ್ಯಾಪ್‌ಟಾಪ್ ಒದ್ದಾಡುತ್ತದೆ. ಸಿಎಸ್‌ವಿಯಲ್ಲಿ ‘ಮೊದಲ ನೂರು ಸಾಲು ಸಾಕು’ ಎನ್ನುವ ಎನ್‌ರೋಸ್ ಇಲ್ಲಿ ಇಲ್ಲ.

ಅದಕ್ಕೇ ಮೊದಲು ಪೈಆ್ಯರೋದಿಂದ ಸ್ಕೀಮಾ ಮಾತ್ರ ಓದಿ. ಕಾಲಂಗಳ ಹೆಸರು, ಟೈಪ್ ಫೈಲಿನ ಕೊನೆಯಲ್ಲೇ ಇರುವುದರಿಂದ ಕ್ಷಣದಲ್ಲಿ ಬರುತ್ತದೆ. ಆಮೇಲೆ ರೀಡ್ ಪಾರ್ಕೆಟ್‌ನ ‘ಕಾಲಮ್ಸ್’ನಲ್ಲಿ ತಾರೀಖು, ತಳಿ, ದರ ಇಷ್ಟನ್ನೇ ಕೊಡಿ. ಪ್ರತಿ ಕಾಲಂ ಬೇರೆಯಾಗಿಯೇ ಕೂತಿರುವುದರಿಂದ ಉಳಿದವನ್ನು ಅದು ಮುಟ್ಟುವುದಿಲ್ಲ. ಡಬ್ಬಿ ತಳಿಯ ಮೆಣಸಿನಕಾಯಿಯ ಒಂದು ಚೀಲ ಬೇಕೆಂದು ಗೋದಾಮಿನ ಚೀಲವನ್ನೆಲ್ಲ ಹೊರಗೆ ಹಾಕುತ್ತೇವಾ?

ಸಾಲು ಕಡಿಮೆ ಮಾಡಲು ಅದರಲ್ಲೇ ‘ಫಿಲ್ಟರ್ಸ್’ ಇದೆ. 2023ರ ನಂತರದ ದರ ಸಾಕು ಅಂದರೆ ಇಲ್ಲೇ ಹೇಳಿ. ಫೈಲಿನೊಳಗೆ ಸಾಲುಗಳು ರೋ ಗ್ರೂಪ್‌ಗಳಾಗಿ ಇರುತ್ತವೆ. ಪ್ರತಿ ಗುಂಪಿನ ಕನಿಷ್ಠ, ಗರಿಷ್ಠ ತಾರೀಖು ಸಾಮಾನ್ಯವಾಗಿ ಮೊದಲೇ ಬರೆದಿರುತ್ತದೆ. ನೀವು ಕೇಳಿದ ತಾರೀಖಿನ ಹೊರಗಿನ ಗುಂಪನ್ನು ಓದದೆ ದಾಟುತ್ತದೆ. ಆದರೆ ಫೈಲ್ ಬರೆದವರು ತಾರೀಖಿನ ಪ್ರಕಾರ ಜೋಡಿಸದೆ ಸುಮ್ನೆ ಸುರಿದಿದ್ದರೆ ಎಲ್ಲ ಗುಂಪಿನಲ್ಲೂ ಎಲ್ಲ ವರ್ಷ ಸೇರಿರುತ್ತದೆ. ಉತ್ತರ ಸರಿ ಬರುತ್ತದೆ, ಸಮಯ ಮಾತ್ರ ಉಳಿಯುವುದಿಲ್ಲ. ನೀವು ಬರೆಯುವಾಗ ಸಾರ್ಟ್ ಮಾಡಿಯೇ ಬರೆಯಿರಿ.

ಇನ್ನೊಂದು ಕಿರಿಕಿರಿ: ಚೀಲಗಳ ಕಾಲಂನಲ್ಲಿ ಒಂದು ಖಾಲಿ ಇದ್ದರೂ ಪಾಂಡಾಸ್‌ನಲ್ಲಿ 42 ಹೋಗಿ 42.0 ಆಗುತ್ತದೆ. ಪಾಂಡಾಸ್ 2.0ರಿಂದ ರೀಡ್ ಪಾರ್ಕೆಟ್‌ನ ‘ಡಿಟೈಪ್ ಬ್ಯಾಕೆಂಡ್’ (dtype_backend)ಗೆ ‘ನಂಪೈ ನಲಬಲ್’ (numpy_nullable) ಕೊಟ್ಟರೆ ಪೂರ್ಣಾಂಕ ಹಾಗೇ ಉಳಿಯುತ್ತದೆ. ಯಾವಾಗಲೂ ಕೊಡಿ.

ಸಿಎಸ್‌ವಿ ಮಾಡಿಕೊಡುವ ಆನ್‌ಲೈನ್ ಕನ್ವರ್ಟರ್‌ಗಳ ತಂಟೆಗೆ ಹೋಗಬೇಡಿ. ನಿಮ್ಮ ಡೇಟಾ ಯಾರದ್ದೋ ಸರ್ವರ್‌ಗೆ ಹೋಗುತ್ತದೆ. ಆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ‘0042’ ಅನ್ನುವ ಅಂಗಡಿ ಕೋಡ್ 42 ಆಗಿರುತ್ತದೆ.

ಇಷ್ಟಾದರೂ ಮೆಮೊರಿ ಸಾಲದಿದ್ದರೆ ಪೈಆ್ಯರೋದ ಐಟರ್ ಬ್ಯಾಚಸ್‌ನಿಂದ ತುಂಡು ತುಂಡಾಗಿ ಓದಿ. ಎಸ್‌ಕ್ಯೂಎಲ್ ಗೊತ್ತಿದ್ದರೆ ಡಕ್‌ಡಿಬಿ ಅನ್ನುವ ಡೇಟಾಬೇಸ್ ಇನ್ನೂ ಸಲೀಸು, ಪಾರ್ಕೆಟ್ ಫೈಲಿನ ಮೇಲೆ ನೇರ ಕ್ವೆರಿ ಓಡಿಸಬಹುದು.